ನೇಯ್ದವರ ಹೆಸರೂ ಇರುವ ಪತ್ರಿಕೆ

ಉಡುಪು, ಚಿತ್ರಕಲೆ, ಸಂಗೀತ ಮೂರನ್ನೂ ಒಂದೇ ಪತ್ರಿಕೆಯಲ್ಲಿ ತರುತ್ತೇವೆ ಎಂದಾಗ ಕನ್ನಡದಲ್ಲಿ ಇದನ್ನು ಯಾರು ಓದುತ್ತಾರೆ ಎಂದು ಹಲವರು ಕೇಳಿದರು. ನಮ್ಮನ್ನು ಕಾಡುತ್ತಿದ್ದ ಪ್ರಶ್ನೆ ಬೇರೆಯಾಗಿತ್ತು. ಫ್ಯಾಷನ್ ಪುಟದಲ್ಲಿ ರೂಪದರ್ಶಿ, ಛಾಯಾಗ್ರಾಹಕ, ವಿನ್ಯಾಸಕ ಎಲ್ಲರ ಹೆಸರೂ ಇರುತ್ತದೆ. ಬಟ್ಟೆ ನೇಯ್ದವರ, ಬಣ್ಣ ಹಾಕಿದವರ, ಹೊಲಿದವರ ಹೆಸರು ಏಕಿರುವುದಿಲ್ಲ? ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿ ಸಂಗೀತೋತ್ಸವಕ್ಕೆ ಹೋದವರು ಗಾಯಕರ ಜೊತೆಗೆ ಪಿಟೀಲು, ಮೃದಂಗ, ಘಟ ನುಡಿಸಿದವರ ಹೆಸರನ್ನೂ ನೆನಪಿಟ್ಟುಕೊಂಡು ಬರುತ್ತಾರೆ. ಕಛೇರಿಯ ಆ ಶಿಸ್ತನ್ನು ಉಡುಪಿಗೂ ತರಬೇಕು ಎಂಬ ಹಟದಿಂದಲೇ ನಮ್ಮ ತ್ರೈಮಾಸಿಕ ಹುಟ್ಟಿತು.

ಮೊದಲ ಸಂಚಿಕೆಗೆ ಇಳಕಲ್ ಸೀರೆಯನ್ನು ಆರಿಸಿಕೊಂಡೆವು. ಇದರ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ರೇಷ್ಮೆ ಸೆರಗಿನಲ್ಲಿ ಬಿಳಿಯ ತೆನೆಗಳು ಏಳುತ್ತವೆ. ಕೊಂಡಿ ಹಾಕುವ ಬೆರಳುಗಳನ್ನು ನೋಡಿದ ಮೇಲೆ ಆ ಸೀರೆಗೆ ಒಬ್ಬರ ಹೆಸರು ಸಾಲದು ಎಂದು ನಮಗೆ ಖಚಿತವಾಯಿತು. ನೇಕಾರರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವ ಹೆಂಗಸರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆದುಕೊಂಡೆವು. ಆ ಸೀರೆಯನ್ನು ಬೆಂಗಳೂರಿನ ಗಿಟಾರ್ ವಾದಕಿಯೊಬ್ಬರಿಗೆ ಉಡಿಸಿ, ಬೆಳಗಿನ ಬೆಳಕಿನಲ್ಲಿ ಕಬ್ಬನ್‌ಪೇಟೆಯ ಓಣಿಗಳಲ್ಲಿ ಚಿತ್ರ ತೆಗೆದೆವು. ಅದು ನೇಕಾರರ ಹಳೆಯ ಪೇಟೆ. ಸೀರೆ, ಹಾಡು, ಊರು ಒಂದೇ ಚೌಕಟ್ಟಿಗೆ ಬಂದದ್ದು ಅಲ್ಲಿ.

ರವಿಕೆ ಹೊಲಿದ ಮಾಸ್ಟರ್ ಮಾತ್ರ ಹಿಂಜರಿದರು. “ನನ್ನ ಹೆಸರು ಏಕೆ ಮೇಡಂ, ಅಂಗಡಿಯ ಹೆಸರು ಹಾಕಿ ಸಾಕು” ಎಂದರು. “ತೋಳಿನ ಅಳತೆ ಕೂರಿಸಿದ್ದು ಅಂಗಡಿಯಲ್ಲ ಮಾಸ್ಟರ್, ನೀವು” ಎಂದೆ. ಒಪ್ಪಿದರು, ತಮ್ಮ ಗುರುವಿನ ಹೆಸರನ್ನೂ ಸೇರಿಸಲು ಹೇಳಿದರು, ಸೇರಿಸಿದೆವು.

ಇನ್ನು ಅಕ್ಷರ. ಹೊಳಪಿನ ಪತ್ರಿಕೆಗಳ ಪುಟವಿನ್ಯಾಸವನ್ನು ಹಾಗೆಯೇ ಎತ್ತಿ ತಂದರೆ ಕನ್ನಡ ಉಸಿರುಗಟ್ಟುತ್ತದೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ತಲೆಯ ಮೇಲೆ ಏಳುತ್ತದೆ. ಸಾಲುಗಳ ನಡುವೆ ಧಾರಾಳ ಜಾಗ ಬೇಕು, ಶೀರ್ಷಿಕೆಯಲ್ಲಂತೂ ಇನ್ನೂ ಹೆಚ್ಚು. ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ಬಂದ ಬರಹಗಳನ್ನು ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಸ್ಥಾನ ತಪ್ಪುತ್ತದೆ. ಪುಟ ಜೋಡಿಸುವ ಇನ್‌ಡಿಸೈನ್‌ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಸಂಯೋಜಕವನ್ನು (ಕಂಪೋಸರ್) ಆರಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗುತ್ತವೆ. ಕರಡು ತಿದ್ದುವವರಿಗೆ ಒಳ್ಳೆಯ ಸಂಭಾವನೆ ಕೊಡಿ. ನೇಕಾರರ ಹೆಸರನ್ನೇ ತಪ್ಪಾಗಿ ಅಚ್ಚು ಹಾಕುವುದಾದರೆ ಇಷ್ಟೆಲ್ಲ ಏಕೆ?

ಮುದ್ರಣದಲ್ಲಿ ನಮಗೆ ಹೆಚ್ಚು ಹೊತ್ತು ಹಿಡಿದದ್ದು ಸೆರಗಿನ ಆ ಕೆಂಪು. ಆಫ್‌ಸೆಟ್‌ನಲ್ಲಿ ನಾಲ್ಕು ಶಾಯಿಗಳಿಂದಲೇ ಎಲ್ಲ ಬಣ್ಣವೂ ಮೂಡಬೇಕು. ಲೇಪನವಿಲ್ಲದ ಮ್ಯಾಪ್ಲಿಥೊ ಕಾಗದ ಶಾಯಿಯನ್ನು ಹೀರಿಕೊಳ್ಳುವುದರಿಂದ ಕೆಂಪು ಮಂಕಾಗುತ್ತದೆ. ಹೊಳಪಿನ ಆರ್ಟ್ ಕಾಗದದಲ್ಲಿ ಬಣ್ಣ ನಿಲ್ಲುತ್ತದೆ, ಆದರೆ ದೀರ್ಘ ಬರಹ ಓದಲು ಕಣ್ಣಿಗೆ ಹಿತವಲ್ಲ. ನಮ್ಮ 64 ಪುಟಗಳೆಂದರೆ 16 ಪುಟಗಳ ನಾಲ್ಕು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ನಾಲ್ಕು ಗುಂಪು. ಬಣ್ಣದ ಚಿತ್ರಗಳನ್ನೆಲ್ಲ ಒಂದೇ ಫಾರಂಗೆ ತಂದು ಅದನ್ನು ಹೊಳಪಿಲ್ಲದ ಆರ್ಟ್ ಕಾಗದದಲ್ಲಿ, ಉಳಿದ ಮೂರನ್ನು ಮ್ಯಾಪ್ಲಿಥೊದಲ್ಲಿ ಅಚ್ಚು ಹಾಕಿಸಿದೆವು. ಅದಕ್ಕಾಗಿ ಲೇಖನಗಳ ಕ್ರಮವನ್ನೇ ಬದಲಿಸಿದೆವು. ಸೀರೆಯನ್ನು ಮುದ್ರಣಾಲಯಕ್ಕೇ ಒಯ್ದು, ಯಂತ್ರದಿಂದ ಬಂದ ಹಾಳೆಗಳನ್ನು ಹಗಲು ಬೆಳಕಿನಲ್ಲಿ ಅದರ ಪಕ್ಕದಲ್ಲಿಟ್ಟು ನೋಡಿದೆವು. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಒಪ್ಪಿಕೊಳ್ಳಬೇಡಿ.

ಪತ್ರಿಕೆಯ ಸರ್ಕಾರಿ ನೋಂದಣಿಯನ್ನು ಮುಂಚೆಯೇ ಶುರುಮಾಡಿ. 1867ರ ಕಾಯ್ದೆಯ ಜಾಗದಲ್ಲಿ 2023ರ ಹೊಸ ಕಾಯ್ದೆ ಬಂದಿದೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ, ಅರ್ಜಿ ಆನ್‌ಲೈನ್‌ನಲ್ಲಿ. ಶೀರ್ಷಿಕೆಗೆ ಒಪ್ಪಿಗೆ ಸಿಗುವವರೆಗೆ ಮುಖಪುಟ ಅಂತಿಮಗೊಳಿಸಬೇಡಿ.

ಹಣವನ್ನು ಮುಂಗಡ ಚಂದಾ ಮೂಲಕ ಕೂಡಿಸಿದೆವು. ಅಂಗಡಿಗಳಿಗೆ ಕಮಿಷನ್ ಕೊಟ್ಟ ಮೇಲೆ ಬಿಡಿ ಪ್ರತಿಯಿಂದ ಉಳಿಯುವುದು ಅಲ್ಪ, ಚಂದಾದಾರರೇ ಆಧಾರ. ಬರೆದವರಿಗೆ, ಚಿತ್ರ ಬಿಡಿಸಿದವರಿಗೆ ಅಚ್ಚಿಗೆ ಹೋಗುವ ಮೊದಲೇ ಸಂಭಾವನೆ ಕೊಟ್ಟೆವು. ದುಡ್ಡು ಪಡೆದು ಲೇಖನದಂತೆ ಅಚ್ಚು ಹಾಕುವ ಜಾಹೀರಾತನ್ನು ತೆಗೆದುಕೊಳ್ಳಲಿಲ್ಲ, ಮುಂದೆಯೂ ತೆಗೆದುಕೊಳ್ಳುವುದಿಲ್ಲ.

ಬಿಡುಗಡೆ ಬಸವನಗುಡಿಯ ಹಳೆಯ ಮನೆಯೊಂದರ ಹಜಾರದಲ್ಲಿ ನಡೆಯಿತು. ಮುಖ್ಯ ಅತಿಥಿಗಳ ಭಾಷಣ ಇರಲಿಲ್ಲ. ಇಳಕಲ್‌ನಿಂದ ಬಂದ ನೇಕಾರರು ಕೊಂಡಿ ಹಾಕುವುದನ್ನು ಮಾಡಿ ತೋರಿಸಿದರು, ಗಿಟಾರ್ ವಾದಕಿ ಹಾಡಿದರು. ಕೆಲಸ ಮಾಡಿದ ಎಲ್ಲರ ಹೆಸರಿನ ಪುಟವನ್ನು ಗಟ್ಟಿಯಾಗಿ ಓದಿದೆವು. ಮಾಸ್ಟರ್ ಕುಟುಂಬ ಸಮೇತ ಬಂದಿದ್ದರು.

ಎರಡನೆಯ ಸಂಚಿಕೆ ಕಸೂತಿಯದು. ಗವಂತಿ ಹೊಲಿಗೆ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತದೆ, ಗಂಟು ಎಲ್ಲಿಯೂ ಇರುವುದಿಲ್ಲ. ಹಾಗಾಗಿ ಪ್ರತಿ ವಿನ್ಯಾಸದ ಮುಂಬದಿ, ಹಿಂಬದಿ ಎರಡನ್ನೂ ಎದುರುಬದುರು ಪುಟಗಳಲ್ಲಿ ಅಚ್ಚು ಹಾಕುತ್ತೇವೆ.