ಆರು ಪುಟಗಳ ಪತ್ರ

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ಆರು ಪುಟಗಳ ಒಂದು ಪತ್ರವಿತ್ತು. ಹದಿನೇಳು ವರ್ಷದ ದೇಚು ತಾನು ಏಕೆ ಹೋಗುತ್ತಿದ್ದೇನೆಂದು ಗೆಳತಿ ಪೊನ್ನುವಿಗೆ ಬರೆದಿಟ್ಟ ಪತ್ರವದು. ಇಡೀ ಕರಡಿನಲ್ಲಿ ಓದುವಂತಿದ್ದದ್ದು ಆ ಆರು ಪುಟಗಳೇ ಎಂಬುದು ನನಗೆ ಗೊತ್ತಿತ್ತು. ಅವನ್ನು ತೆಗೆದುಹಾಕಲು ಒಂದೂವರೆ ವರ್ಷ ಹಿಡಿಯಿತು.

ನಾನು ಕೊಡಗಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಹದಿನಾರು, ಹದಿನೇಳರ ಮಕ್ಕಳು ಓದಲು ಏನಾದರೂ ಕೊಡಿ ಎಂದು ಬಂದಾಗ, ಮಕ್ಕಳ ಕಥೆಗಳನ್ನು ಕೊಟ್ಟರೆ ಅವರಿಗೆ ಅವಮಾನವಾಗುತ್ತದೆ, ದೊಡ್ಡವರ ಕಾದಂಬರಿಗಳನ್ನು ಕೊಟ್ಟರೆ ಇಪ್ಪತ್ತು ಪುಟ ಓದಿ ಹಿಂದಿರುಗಿಸುತ್ತಾರೆ. ಅವರಿಗಾಗಿಯೇ ಬರೆಯಬೇಕೆಂದು ಕುಳಿತಾಗ ಬೇರೆ ಯಾವ ವಿಷಯವೂ ಹೊಳೆಯಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ, ಜುಲೈ ತಿಂಗಳ ಬಿಡದ ಮಳೆಯಲ್ಲಿ, ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿ ತನ್ನ ಜೀವವನ್ನು ತಾನೇ ಕಳೆದುಕೊಂಡಳು. ಕಾಲೇಜಿನಲ್ಲಿ ನಮಗೆ ಜ್ವರವೆಂದು ಹೇಳಿದರು. ನಿಜ ಎಲ್ಲರಿಗೂ ಗೊತ್ತಿತ್ತು, ಆದರೂ ಜ್ವರವೆಂದು ನಂಬಿದಂತೆ ಇರುವುದೇ ಮರ್ಯಾದೆ ಎಂಬ ಒಪ್ಪಂದ, ಯಾರೂ ಬಾಯಿಬಿಟ್ಟು ಹೇಳದೆಯೇ, ಊರಿನಲ್ಲಿ ನೆಲೆಯಾಗಿಬಿಟ್ಟಿತು. ಆ ಒಪ್ಪಂದವನ್ನು ನಾನೂ ಬಹಳ ವರ್ಷ ಪಾಲಿಸಿದೆ.

ಪತ್ರದ ವಿಷಯಕ್ಕೆ ಬರುತ್ತೇನೆ. ಅದನ್ನು ಓದಿದ ಮೇಲೆ ಕರಡಿನ ಎಲ್ಲ ಪಾತ್ರಗಳೂ ಬದಲಾಗುತ್ತಿದ್ದವು: ದೇಚುವಿನ ತಾಯಿ ಪಶ್ಚಾತ್ತಾಪ ಪಡುತ್ತಿದ್ದಳು, ಗದರುತ್ತಿದ್ದ ಮೇಷ್ಟ್ರು ತಲೆ ತಗ್ಗಿಸುತ್ತಿದ್ದರು, ಮಾತು ಬಿಟ್ಟಿದ್ದ ಹುಡುಗ ಅಳುತ್ತಿದ್ದ. ಬದುಕಿದ್ದಾಗ ಯಾರೂ ಕೇಳದ ಮಾತನ್ನು ಸತ್ತ ಮೇಲೆ ಇಡೀ ಊರು ಕೇಳಿತು ಎಂಬ ಕಥೆಯನ್ನು ನಾನು ಬರೆದಿದ್ದೆ. ತನ್ನ ಮಾತನ್ನು ಯಾರೂ ಕೇಳುತ್ತಿಲ್ಲವೆಂದು ಅಂದುಕೊಂಡಿರುವ ಹುಡುಗಿಯೊಬ್ಬಳು ನನ್ನ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು ಇದನ್ನು ಓದಿದರೆ ಅವಳಿಗೆ ಏನು ಅನ್ನಿಸಬಹುದೆಂದು ಯೋಚಿಸಿದ ದಿನ ಆ ಪುಟಗಳ ಮೇಲಿನ ಅಭಿಮಾನ ಇಳಿಯಿತು. ಪತ್ರದ ಇನ್ನೊಂದು ಸುಳ್ಳೆಂದರೆ ಅದರ ಅಚ್ಚುಕಟ್ಟು. ಇಂಥ ಸಾವಿಗೆ ಒಂದೇ ಕಾರಣವಿರುವುದು ಅಪರೂಪ. ಬಹಳ ಕಾಲದಿಂದ ಹೆಣೆದುಕೊಂಡು ಬಂದ ಹಲವು ಸಂಗತಿಗಳ ಪೈಕಿ ಕೊನೆಯದು ಮಾತ್ರ ಹೊರಗಿನವರಿಗೆ ಕಾಣುತ್ತದೆ. ಪತ್ರ ಹೋದ ಮೇಲೆ ಪೊನ್ನುವಿನ 'ಏಕೆ' ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಉಳಿಯಲಿಲ್ಲ. ನನ್ನ ಕಾದಂಬರಿ ನಿಜವಾಗಿ ಶುರುವಾದದ್ದು ಅಲ್ಲಿಂದ, ಏಕೆಂದರೆ ಅದು ದೇಚುವಿನ ಕಥೆಯಾಗಿರದೆ ಉಳಿದುಕೊಂಡ ಪೊನ್ನುವಿನ ಕಥೆಯಾಯಿತು.

ಬರೆಯುವವರು ಓದಿಕೊಳ್ಳಬೇಕಾದದ್ದು ಬಹಳವಿದೆಯೆಂದು ನನಗೆ ತಡವಾಗಿ ತಿಳಿಯಿತು. ಆತ್ಮಹತ್ಯೆಯ ವರದಿ ಹೇಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಪತ್ರಕರ್ತರಿಗಾಗಿ 2000ರಲ್ಲೇ ಒಂದು ಕೈಪಿಡಿ ತಂದಿತ್ತು. ಸಿನಿಮಾ ಮತ್ತು ರಂಗಭೂಮಿಯವರಿಗಾಗಿ 2019ರಲ್ಲಿ ಇನ್ನೊಂದನ್ನು ತಂದಿತು. ಕಾದಂಬರಿಕಾರರಿಗೆಂದು ಪ್ರತ್ಯೇಕವಾದುದು ನನ್ನ ಕೈಗೆ ಸಿಗದಿದ್ದುದರಿಂದ ಎರಡನೆಯದನ್ನೇ ಮುಂದಿಟ್ಟುಕೊಂಡೆ. ಸಾವಿನ ವಿಧಾನವನ್ನಾಗಲಿ ಸ್ಥಳವನ್ನಾಗಲಿ ವಿವರಿಸಬಾರದು, ಸಾವನ್ನು ಸಮಸ್ಯೆಗೆ ಪರಿಹಾರವೆಂಬಂತೆ ತೋರಿಸಬಾರದು, ನೆರವು ಎಲ್ಲಿ ಸಿಗುತ್ತದೆಂದು ಹೇಳಬೇಕು ಎಂಬ ಮಾತುಗಳು ಸರಳವಾಗಿ ಕಂಡರೂ, ಪಾಲಿಸಲು ಹೊರಟಾಗ ಕರಡಿನ ಮೂರನೆಯ ಒಂದು ಭಾಗ ಹೋಯಿತು. 1774ರಲ್ಲಿ ಜರ್ಮನ್ ಲೇಖಕ ಗಯಟೆ ಬರೆದ, ನಾಯಕ ತನ್ನ ಜೀವವನ್ನು ತಾನೇ ಕಳೆದುಕೊಳ್ಳುವ ವೆರ್ಟರ್ ಕಾದಂಬರಿಯ ನಂತರ ಅನುಕರಣೆಯ ಸಾವುಗಳಾದವೆಂಬ ಭೀತಿ ಹಬ್ಬಿತ್ತು. ಎರಡು ಶತಮಾನಗಳ ನಂತರ, 1974ರಲ್ಲಿ, ಡೇವಿಡ್ ಫಿಲಿಪ್ಸ್ ಎಂಬ ಸಮಾಜಶಾಸ್ತ್ರಜ್ಞ ಪತ್ರಿಕಾ ವರದಿಗಳ ಅನುಕರಣೆಗೆ ಅದೇ ಹೆಸರನ್ನಿಟ್ಟು 'ವೆರ್ಟರ್ ಪರಿಣಾಮ' ಎಂದರು. ಇಷ್ಟನ್ನು ಓದಿದಾಗ ಬರೆಯುವುದನ್ನೇ ಬಿಟ್ಟುಬಿಡಬೇಕೆನ್ನಿಸಿತ್ತು. ನನ್ನನ್ನು ಮತ್ತೆ ಮೇಜಿಗೆ ಕರೆತಂದದ್ದು 'ಪಪಗೇನೋ ಪರಿಣಾಮ' ಎಂಬ ಇನ್ನೊಂದು ಹೆಸರು. ಮೋಟ್ಸಾರ್ಟನ 1791ರ ಒಂದು ಗೀತನಾಟಕದಲ್ಲಿ ಪಪಗೇನೋ ಎಂಬ ಹಕ್ಕಿಗಾರ ಸಾಯಲು ಹೊರಟಾಗ ಮೂವರು ಹುಡುಗರು ಬಂದು, ನಿನ್ನ ಬಳಿ ಗಂಟೆಗಳಿವೆಯಲ್ಲ, ಅವನ್ನು ನುಡಿಸು ಎಂದು ನೆನಪಿಸುತ್ತಾರೆ. ಅಂಥ ಕಷ್ಟವನ್ನು ದಾಟಿ ಬದುಕಿದವರ ಕಥೆಗಳು ಓದುಗರನ್ನು ಕಾಪಾಡಬಲ್ಲವೆಂದು ಆಸ್ಟ್ರಿಯಾದ ಸಂಶೋಧಕರು 2010ರಲ್ಲಿ ಬರೆದಾಗ ಈ ಹೆಸರನ್ನು ಬಳಸಿದರು. ಆ ಮೂವರು ಹುಡುಗರು ಉಪದೇಶ ಮಾಡುವುದಿಲ್ಲ ಎಂಬುದು ನನಗೆ ಮುಖ್ಯವಾಗಿ ಕಂಡಿತು.

ಕೈಪಿಡಿಗಳು ಹೇಳದ ತೊಂದರೆಯೊಂದು ನಮ್ಮ ಭಾಷೆಯಲ್ಲೇ ಇತ್ತು. ನಮ್ಮ ಪತ್ರಿಕೆಗಳಲ್ಲಿ 'ವಿದ್ಯಾರ್ಥಿನಿ ಆತ್ಮಹತ್ಯೆಗೆ ಶರಣು' ಎಂದು ತಲೆಬರಹ ಬರುತ್ತದೆ. ವಚನಗಳಲ್ಲಿ 'ಶರಣು' ಎಂಬ ಪದವನ್ನು ಕಲಿಸುವ ನನಗೆ ಅದು ಇಲ್ಲಿ ಬಂದು ಕುಳಿತದ್ದು ಬಹಳ ವಿಚಿತ್ರವೆನ್ನಿಸಿತು. ಆಶ್ರಯ ಪಡೆದವರ ಪದವದು. ಇತ್ತ 'ಹತ್ಯೆ' ಎಂಬುದು ಅಪರಾಧದ ಪದ. ಪ್ರಯತ್ನಿಸಿ ಬದುಕುಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಮು ಹೇಳಿದ ಮೇಲೂ ನಮ್ಮ ಮಾತು ಠಾಣೆಯ ಮಾತಾಗಿಯೇ ಉಳಿದಿದೆ. ಹಾಗೆಂದು ಪದವನ್ನೇ ಮುಚ್ಚಿಟ್ಟರೆ ಮತ್ತೆ ಜ್ವರದ ಕಥೆಯಾಗುತ್ತದೆ. ಕೊನೆಗೆ ಕಾದಂಬರಿಯಲ್ಲಿ ಆ ಪದ ಒಮ್ಮೆ ಮಾತ್ರ, ಪೊನ್ನುವಿನ ಬಾಯಿಯಿಂದಲೇ ಬರಲಿ ಎಂದು ನಿರ್ಧರಿಸಿದೆ. ಅಡುಗೆಮನೆಯಲ್ಲಿ ಅಕ್ಕಿಹಿಟ್ಟು ಕಲಸುತ್ತಿರುವ ತಾಯಿಗೆ ಅವಳು, "ಅವ್ವಾ, ದೇಚುವಿಗೆ ಜ್ವರ ಬಂದಿರಲಿಲ್ಲ" ಎನ್ನುತ್ತಾಳೆ. ಪದ ಅದರ ಮುಂದಿನ ವಾಕ್ಯದಲ್ಲಿದೆ.

ಅತಿ ಹೆಚ್ಚು ಕಲಿತದ್ದು ಕಿರಿಯ ಓದುಗರಿಂದ. ತಂದೆತಾಯಿಯರ ಒಪ್ಪಿಗೆ ಪಡೆದು, ಬೇಸರವೆನ್ನಿಸಿದಲ್ಲಿ ನಿಲ್ಲಿಸಬಹುದೆಂದು ಹೇಳಿ, ಮೂವರಿಗೆ ಎರಡನೆಯ ಕರಡನ್ನು ಕೊಟ್ಟಿದ್ದೆ. ಒಬ್ಬಳು ನಲವತ್ತನೆಯ ಪುಟಕ್ಕೆ ನಿಲ್ಲಿಸಿದಳು. ಕಾರಣ ಕೇಳದೆ ಅವಳೊಂದಿಗೆ ಕಾಲೇಜಿನ ಗೇಟಿನವರೆಗೆ ನಡೆದು ಹೋದೆ, ಮುಂದಿನ ವಾರವೂ ಹಾಗೆಯೇ ನಡೆದೆ. ಇನ್ನೊಬ್ಬಳು ನಾನು ಊಹಿಸದಿದ್ದ ತಪ್ಪನ್ನು ತೋರಿಸಿದಳು. ಕೊಡವ ಮನೆಗಳಲ್ಲಿ ಸಾವಾದಾಗ ಊರಿಗೆ ತಿಳಿಸಲು ಒಂದರ ಹಿಂದೊಂದು ಎರಡು ಗುಂಡು ಹಾರಿಸುವ ರೂಢಿಯಿದೆ. ಕಾದಂಬರಿ ಆ ಸದ್ದಿನಿಂದ ಆರಂಭವಾಗುತ್ತಿತ್ತು: ಮಂಜು ಕವಿದ ತೋಟ, ಎರಡು ಸದ್ದು, ಪೊನ್ನುವಿನ ತಾಯಿ ಯಾರ ಮನೆಯ ಕಡೆಯಿಂದ ಎಂದು ಕಿವಿಗೊಡುವುದು. ನಮ್ಮೂರಿನ ನಿಜವಾದ ದೃಶ್ಯವೆಂದು ನಾನು ಹೆಮ್ಮೆಪಟ್ಟಿದ್ದೆ. ಕುಶಾಲನಗರದ ಕಡೆಯಿಂದ ಬರುವ, ಈ ರೂಢಿಯನ್ನು ಅರಿಯದ ಆ ಹುಡುಗಿ ಅದನ್ನು ದೇಚು ಸತ್ತ ಬಗೆಯೆಂದೇ ತಿಳಿದಿದ್ದಳು. ವಿಧಾನವನ್ನು ಎಲ್ಲೂ ಹೇಳಬಾರದೆಂದು ಇನ್ನೂರು ಪುಟ ಜಾಗರೂಕಳಾಗಿದ್ದ ನಾನು ಮೊದಲ ಪುಟದಲ್ಲೇ ತಪ್ಪು ಸುಳಿವು ಕೊಟ್ಟಿದ್ದೆ. ಆ ದೃಶ್ಯವನ್ನೂ ತೆಗೆದೆ.

ಅದರ ಜಾಗಕ್ಕೆ ಹಾಜರಿ ಬಂತು. ಇದು ನನ್ನ ನೆನಪಿನದೇ. ಗೆಳತಿ ಹೋದ ನಂತರದ ಸೋಮವಾರ ಉಪನ್ಯಾಸಕರು ಇಪ್ಪತ್ತೆರಡು ಎಂದರು, ಇಪ್ಪತ್ತನಾಲ್ಕು ಎಂದರು. ನಡುವೆ ಒಂದು ಉಸಿರಿನಷ್ಟೂ ಬಿಡುವಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಂತಿತ್ತು. ಇಪ್ಪತ್ತನಾಲ್ಕು ನನ್ನ ಸಂಖ್ಯೆ. ವರ್ಷ ಮುಗಿಯುವವರೆಗೆ ಪ್ರತಿದಿನ, ಪ್ರತಿ ವಿಷಯಕ್ಕೂ, ಅವಳ ಇಲ್ಲದಿರುವಿಕೆಯ ಮೇಲೆ ಕಾಲಿಟ್ಟು ನಾನು 'ಹಾಜರ್' ಎನ್ನಬೇಕಾಗಿತ್ತು. ದುಃಖವನ್ನು ವರ್ಣಿಸಲು ಬರೆದಿದ್ದ ಮಳೆ, ಮಂಜು, ಕಣ್ಣೀರುಗಳ ಪುಟಗಳೆಲ್ಲ ಈ ಒಂದು ಪುಟದ ಮುಂದೆ ಸಪ್ಪೆಯಾದವು. ಈಗ ಹಾಜರಿ ಕರೆಯುವವಳು ನಾನೇ ಆಗಿರುವುದರಿಂದ ಆ ಉಪನ್ಯಾಸಕರ ಮೇಲಿನ ಸಿಟ್ಟು ಸ್ವಲ್ಪ ಇಳಿದಿದೆ, ಪೂರ್ತಿ ಇಳಿದಿಲ್ಲ.

ನೆರವಿನ ದೃಶ್ಯವನ್ನು ಬರೆಯುವುದು ಕಷ್ಟವಾಯಿತು, ಏಕೆಂದರೆ ಕರಡಿನಲ್ಲಿದ್ದ ಆಪ್ತಸಮಾಲೋಚಕಿ ದೇವತೆಯಂತೆ ಮಾತನಾಡುತ್ತಿದ್ದಳು. ಅವಳನ್ನು ಬಿಟ್ಟು, ಹೆಚ್ಚು ಮಾತಿಲ್ಲದ ಚಿಕ್ಕಮ್ಮನೊಬ್ಬಳನ್ನು ತಂದೆ. ಗೆಳೆಯರನ್ನು ಹೀಗೆ ಕಳೆದುಕೊಂಡ ಹದಿಹರೆಯದವರಿಗೇ ಅಪಾಯ ಹೆಚ್ಚೆಂಬುದನ್ನು ಓದಿದ್ದೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬುದು ತಪ್ಪು ತಿಳಿವಳಿಕೆಯೆಂದೂ ತಿಳಿದುಕೊಂಡಿದ್ದೆ. ಆದ್ದರಿಂದ ಚಿಕ್ಕಮ್ಮ ಕಾಫಿ ಒಣಹಾಕಿದ ಕಣದಲ್ಲಿ ಕುಳಿತು, "ನಿನಗೂ ಸಾಯಬೇಕು ಅನ್ನಿಸುತ್ತದೆಯಾ?" ಎಂದು ಕೇಳುತ್ತಾಳೆ, ಕೇಳಿ ಸುಮ್ಮನಿರುತ್ತಾಳೆ. ಪೊನ್ನು 14416ಕ್ಕೆ ಕರೆ ಮಾಡುವುದು ಅದರ ಮರುದಿನ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಈ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು. ಆದರೆ ನಮ್ಮ ತೋಟಗಳಲ್ಲಿ ಸಿಗ್ನಲ್ ಬೇಕಲ್ಲ! ಪೊನ್ನು ಗುಡ್ಡದ ನೆತ್ತಿಗೆ ಹತ್ತಿ, ಮೊದಲ ಸಲ ಹೆದರಿ ತಾನೇ ಕರೆಯನ್ನು ತುಂಡರಿಸುತ್ತಾಳೆ, ಎರಡನೆಯ ಸಲ ನೆಟ್‌ವರ್ಕ್ ತುಂಡರಿಸುತ್ತದೆ, ಮೂರನೆಯ ಸಲ ಮಾತನಾಡುತ್ತಾಳೆ. ಅತ್ತಲಿನ ಧ್ವನಿ ಏನು ಹೇಳಿತೆಂದು ನಾನು ಬರೆದಿಲ್ಲ. ಅವಳು ಇಳಿದು ಬಂದು ಊಟ ಮಾಡಿದಳೆಂದು ಬರೆದಿದ್ದೇನೆ.

ಕೊನೆಯ ಅಧ್ಯಾಯ ಕಕ್ಕಡ ಹದಿನೆಂಟರದು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನದ್ದು. ಆಗಸ್ಟ್ 3ರ ಆಸುಪಾಸಿನ ಆ ದಿನ ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ; ಆ ಸೊಪ್ಪಿನಲ್ಲಿ ಅಂದು ಹದಿನೆಂಟು ಔಷಧಿಗಳು ಸೇರಿರುತ್ತವೆಂದು ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆಂಬುದನ್ನು ಹೊರಗಿನಿಂದ ಬಂದ ನೆಂಟರಿಗೆ ಯಾರೂ ಮೊದಲೇ ಹೇಳುವುದಿಲ್ಲ. ದೇಚು ಹೋಗಿ ಒಂದು ವರ್ಷವಾದ ಮೇಲೆ, ಪಾಯಸ ತಿಂದ ಮರುದಿನ, ಮೈಸೂರಿನಿಂದ ಬಂದ ಸೋದರತ್ತೆಯ ಮಗ ಬಚ್ಚಲಿನಿಂದ ಕೂಗಿಕೊಳ್ಳುತ್ತಾನೆ, ಪೊನ್ನುವಿಗೆ ತಡೆಯಲಾರದಷ್ಟು ನಗು ಬರುತ್ತದೆ, ಮತ್ತು ಇದನ್ನು ದೇಚುವಿಗೆ ಹೇಳಬೇಕೆಂದು ಅವಳ ಕೈ ಫೋನಿನತ್ತ ಹೋಗುತ್ತದೆ. ಈ ಪುಟದ ಅಂಚಿನಲ್ಲಿ ನನ್ನ ಮೂರನೆಯ ಓದುಗ, ತರಗತಿಯಲ್ಲಿ ಎಂದೂ ಬಾಯಿಬಿಡದ ಹುಡುಗ, ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದ: 'ಇಲ್ಲಿ ನಾನೂ ನಕ್ಕೆ. ಪರವಾಗಿಲ್ಲವಾ ಮಿಸ್?'