ಟ್ರೇಲರ್ ಲಾರಿಯಲ್ಲಿ ಸಂಪಾಜೆ ಘಾಟಿ ಇಳಿಯುವವರಿಗೆ

ಮಡಿಕೇರಿ ಇರುವುದು ಸುಮಾರು 1,170 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆ ಮುಟ್ಟುವಷ್ಟರಲ್ಲಿ ಹತ್ತಿರಹತ್ತಿರ ಸಾವಿರ ಮೀಟರ್ ಇಳಿದಿರುತ್ತೀರಿ. ಲೋಡ್ ತುಂಬಿದ ಟ್ರೇಲರನ್ನು ಬರೀ ಬ್ರೇಕಿನ ಮೇಲೆ ಕಾಲಿಟ್ಟು ಇಳಿಸಿದರೆ ಹುಟ್ಟುವ ಬಿಸಿಯೆಲ್ಲ ಚಕ್ರದೊಳಗಿನ ಬ್ರೇಕ್ ಡ್ರಮ್ಮಿಗೇ ಹೋಗುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಅದನ್ನು ಉಜ್ಜಿ ಹಿಡಿಯುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಆಮೇಲೆ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಘಾಟಿಯಲ್ಲಿ ವೇಗ ಹಿಡಿದಿಡುವ ಕೆಲಸ ಇಂಜಿನ್ನಿನದು. ಬ್ರೇಕ್ ಇರುವುದು ಹೆಚ್ಚಾದ ವೇಗ ಇಳಿಸಲು, ಗಾಡಿ ನಿಲ್ಲಿಸಲು ಅಷ್ಟೆ.

ಹಾಗಾಗಿ ಅರ್ಧ ಕೆಲಸ ಮಡಿಕೇರಿಯಲ್ಲೇ ಮುಗಿಯಬೇಕು. ಸಮತಟ್ಟು ಜಾಗ ನೋಡಿ ಗಾಡಿ ನಿಲ್ಲಿಸಿ. ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು, ಬ್ರೇಕಿಗೆ ಬೇಕಾದ ಏರ್ ಪೂರ್ತಿ ತುಂಬಿಸಿ, ಇಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು ಪೆಡಲ್ ಒತ್ತಿ ಹಿಡಿಯಿರಿ. ಒಂದು ನಿಮಿಷ ಗೇಜ್ ನೋಡಿ. ಮುಳ್ಳು ಮೊದಲು ಸ್ವಲ್ಪ ಇಳಿದು ನಿಂತರೆ ಸರಿ, ಇಳಿಯುತ್ತಲೇ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಅದನ್ನು ಸರಿಮಾಡಿಸದೆ ಘಾಟಿಗೆ ಇಳಿಯಲೇಬೇಡಿ. ಏರ್ ಟ್ಯಾಂಕಿನಲ್ಲಿ ಸೇರಿದ ನೀರು ಹೊರಗೆ ಬಿಡಿ, ಹೋಸ್‌ಗಳು ಎಲ್ಲೂ ಉಜ್ಜಿಲ್ಲವೇ ನೋಡಿ. ಟ್ರೇಲರನ್ನು ಮುಂದಿನ ಗಾಡಿಗೆ ಕೂಡಿಸುವ ಕಿಂಗ್ ಪಿನ್ ಲಾಕ್ ಆಗಿದೆಯೇ ಅಂತ ಟಾರ್ಚ್ ಹಾಕಿ ನೋಡಿ, ಆಮೇಲೆ ಅಡ್ಡ ಕೊಟ್ಟಿದ್ದನ್ನು ತೆಗೆದು, ಟ್ರೇಲರ್ ಬ್ರೇಕ್ ಹಾಕಿ, ಲೋ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಎಳೆದೂ ನೋಡಿ. ಮಳೆಗಾಲವಾದರೆ ಇನ್ನೊಂದು ಕೆಲಸವಿದೆ. 2018ರ ಆಗಸ್ಟ್‌ನಲ್ಲಿ ಇದೇ ದಾರಿ ಬರೆ (ರಸ್ತೆ ಪಕ್ಕದ ಗುಡ್ಡ) ಕುಸಿದು ಮುಚ್ಚಿತ್ತು, ಆಮೇಲೂ ಜೋರು ಮಳೆಯಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳನ್ನು ತಡೆದದ್ದುಂಟು. ಲೋಡ್ ತುಂಬುವ ಮೊದಲೇ ವಿಚಾರಿಸಿಕೊಳ್ಳಿ.

ಗೇರ್ ಆರಿಸಬೇಕಾದ್ದು ಇಳಿಜಾರು ಶುರುವಾಗುವ ಮೊದಲು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ವೇಗ ಹಿಡಿದ ಮೇಲೆ ಕೆಳಗಿನ ಗೇರಿಗೆ ಹಾಕಲು ಹೋದರೆ ಗೇರ್ ಕೂರುವುದಿಲ್ಲ, ಗಾಡಿ ನ್ಯೂಟ್ರಲ್‌ನಲ್ಲೇ ಉಳಿದುಬಿಡುತ್ತದೆ, ಇಂಜಿನ್ ಹಿಡಿತವೂ ಹೋಯಿತು. ಇದೇ ಲೋಡಿನಲ್ಲಿ ಈ ಏರು ಹತ್ತುವುದಾದರೆ ಯಾವ ಗೇರ್ ಬೇಕಿತ್ತೋ ಅದೇ ಗೇರ್ ಅಥವಾ ಅದಕ್ಕಿಂತ ಒಂದು ಕೆಳಗೆ. ಇಂಜಿನ್ ಹೊಗೆ ತಡೆದು ವೇಗ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಹಾಕಿಕೊಳ್ಳಿ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವವರ ಮಾತು ಕೇಳಲೇಬೇಡಿ.

ಇಷ್ಟಾದರೂ ವೇಗ ಏರಿದಾಗ ಪೆಡಲ್ ಬೇಕೇ ಬೇಕು. ಸುಮ್ನೆ ಕಾಲು ಸವರುತ್ತಾ ಇರಬೇಡಿ. ನಿಮ್ಮ ಮಿತಿ ಗಂಟೆಗೆ 30 ಕಿ.ಮೀ. ಅಂದುಕೊಳ್ಳಿ. ಮುಳ್ಳು 30 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ ಸುಮಾರು 22ಕ್ಕೆ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಮತ್ತೆ 30 ಆದಾಗ ಮತ್ತೆ ಒತ್ತಿ. ನಡುವೆ ಡ್ರಮ್ಮಿಗೆ ಸ್ವಲ್ಪ ಉಸಿರು ಸಿಗುತ್ತದೆ. ಮೇಲಿಂದ ಮೇಲೆ ಪಟಪಟ ತುಳಿದರೆ ಗಾಳಿ ಖಾಲಿಯಾಗುತ್ತದೆ, ಅದೂ ತಪ್ಪು. ಟ್ರೇಲರಿನ ಹ್ಯಾಂಡ್ ಬ್ರೇಕನ್ನು ಮಾತ್ರ ಹಿಡಿದು ಇಳಿಯುವ ಅಭ್ಯಾಸ ಕೆಲವರಿಗಿದೆ. ಅದರಿಂದ ಹಿಂದಿನ ಲೈನರ್ ಸುಡುತ್ತದೆ, ಒದ್ದೆ ರಸ್ತೆಯಲ್ಲಿ ಟ್ರೇಲರ್ ಅಡ್ಡಕ್ಕೂ ಬರುತ್ತದೆ.

ತಿರುವಿಗೆ ಬೇಕಾದ ವೇಗಕ್ಕೆ ನೇರ ರಸ್ತೆಯಲ್ಲೇ ಇಳಿದುಬಿಡಿ, ತಿರುಗುವಾಗ ಬ್ರೇಕ್ ಒತ್ತಬೇಡಿ. ಹಿಂದಿನ ಚಕ್ರಗಳು ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ, ಕನ್ನಡಿ ನೋಡುತ್ತಲೇ ಇರಿ. ಎದುರಿಗೆ ಬಸ್ಸು ಹತ್ತುತ್ತಿದ್ದರೆ ಮೇಲೇ ನಿಂತು ದಾರಿ ಕೊಡಿ, ಕಾನೂನಿನಲ್ಲೂ ಏರು ಹತ್ತುವವರಿಗೇ ಮೊದಲ ದಾರಿ. ಖಾಲಿ ಟ್ರೇಲರ್ ಸುಲಭ ಅಂದುಕೊಳ್ಳಬೇಡಿ, ಭಾರವಿಲ್ಲದ ಚಕ್ರ ಬೇಗ ಲಾಕ್ ಆಗುತ್ತದೆ. ಮಳೆಯಲ್ಲಿ ಕೆಸರು, ಎಲೆ ಬಿದ್ದ ಕಡೆ ಎಕ್ಸಾಸ್ಟ್ ಬ್ರೇಕಿಗೂ ಹಿಂದಿನ ಚಕ್ರ ಜಾರಬಹುದು. ಜಾರಿದರೆ ಅದನ್ನು ಆಫ್ ಮಾಡಿ, ಪೆಡಲ್ ಬಿಡಿ, ಚಕ್ರ ಮತ್ತೆ ಉರುಳಲಿ.

ಸುಟ್ಟ ವಾಸನೆ ಬಂತೋ, ಪೆಡಲ್ ಮೊದಲಿಗಿಂತ ಜಾಸ್ತಿ ಒತ್ತಬೇಕಾಯಿತೋ, ಮುಂದಿನ ಅಗಲ ಜಾಗದಲ್ಲೇ ನಿಲ್ಲಿಸಿ. ಸಂಪಾಜೆವರೆಗೆ ಹೇಗೋ ಹೋಗೋಣ ಅನ್ನಬೇಡಿ. ಗಾಳಿ ಕಡಿಮೆಯಾಗಿ ಬಜರ್ ಹೊಡೆದರೂ ಅಷ್ಟೆ, ಗಾಳಿ ಇಳಿದಾಗ ಸ್ಪ್ರಿಂಗ್ ಬಲದಿಂದ ಬೀಳುವ ಸ್ಪ್ರಿಂಗ್ ಬ್ರೇಕ್ ತಾನಾಗೇ ಕಚ್ಚಿಕೊಳ್ಳುವವರೆಗೆ ಕಾಯಬೇಡಿ. ಬ್ರೇಕ್ ಪೂರ್ತಿ ಕೈಕೊಟ್ಟರೆ ಗೇರಿನಲ್ಲೇ ಇರಿ, ಹಾರ್ನ್, ಲೈಟ್ ಎರಡೂ ಹಾಕಿ, ಕಣಿವೆ ಕಡೆ ಹೋಗದೆ ಬರೆಗೆ ಓರೆಯಾಗಿ ಗಾಡಿ ಉಜ್ಜಿ ನಿಲ್ಲಿಸಿ. ಗಾಡಿ ಹಾಳಾಗುತ್ತದೆ, ಆಗಲಿ.

ನಿಂತ ಮೇಲೆ ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಚಕ್ರಕ್ಕೆ ಮರದ ತುಂಡು ಕೊಟ್ಟು, ಗೇರಿನಲ್ಲಿಟ್ಟು, ತಾನಾಗಿ ಆರಲು ಬಿಡಿ. ಬಿಸಿ ಆರಿದ ಮೇಲೆ ಲೈನರ್, ಬ್ರೇಕ್ ಸಡಿಲ ಸರಿಮಾಡುವ ಅಡ್ಜಸ್ಟರ್ ನೋಡಿಕೊಂಡು, ಪೆಡಲ್ ಒತ್ತಿ ಪರೀಕ್ಷಿಸಿ ಹೊರಡಿ.