ಐದು ಬನ್, ಒಂದು ಚಮಚ ಕಷಾಯ

ಈಸ್ಟರ್ ರಜೆ ಹತ್ತಿರ ಬಂತು ಅಂದರೆ ಇಂಗ್ಲೆಂಡಿನ ನಮ್ಮ ಲ್ಯಾಂಕೆಸ್ಟರ್‌ನ ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ಮೊಲ. ಮೊಲದ ತಟ್ಟೆ, ಮೊಲದ ಕಿವಿ, ಮೊಲದ ಚಾಕೊಲೇಟು. ಹೋದ ವರ್ಷ ನಾನೂ ಮಗಳ ಗೆಳತಿಯರನ್ನು ಸಂಜೆ ಟೀಗೆ ಕರೆದು ಅದನ್ನೆಲ್ಲ ಹೊತ್ತು ತಂದಿದ್ದೆ. ಮಕ್ಕಳು ಕೇಕಿನ ಮೇಲಿದ್ದ ಸಕ್ಕರೆ ಕಿವಿಗಳನ್ನಷ್ಟೇ ಕಿತ್ತು ತಿಂದು ಆಡೋಕೆ ಓಡಿದವು. ಕಿವಿಯಿಲ್ಲದ ಕೇಕನ್ನು ನಾವು ಗಂಡ ಹೆಂಡತಿ ಒಂದು ವಾರ ತಿಂದೆವು.

ಈ ವರ್ಷ ಒಂದು ನಿಯಮ ಹಾಕಿಕೊಂಡೆ. ಪೀಟರ್ ಎಂಬ ತುಂಟ ಮೊಲದ ಕಥೆ ಬರೆದ ಬಿಯಾಟ್ರಿಕ್ಸ್ ಪಾಟರ್ ಅವರ ಮಕ್ಕಳ ಕಥೆಗಳಲ್ಲಿ ಏನಿದೆಯೋ ಅದಷ್ಟೇ ಮಾಡುವುದು. ಮೊಲದ ಆಕಾರದ್ದು ಯಾವುದೂ ಬೇಡ. ಆ ಕಥೆಗಳಲ್ಲಿ ಊಟ ತಿಂಡಿಯ ಲೆಕ್ಕ ಎಷ್ಟು ಪಕ್ಕಾ ಅಂತ ಆಗಲೇ ನನಗೂ ಗೊತ್ತಾಗಿದ್ದು. ಪೀಟರ್‌ನ ಅಮ್ಮ ಬೇಕರಿಯಿಂದ ತರುವುದು ಒಂದು ಬ್ರೌನ್ ಬ್ರೆಡ್, ಐದು ಕರಂಟ್ ಬನ್. ಅಮ್ಮ ಒಬ್ಬಳು, ಮಕ್ಕಳು ನಾಲ್ಕು. ಸರಿಯಾಗಿ ಐದು.

ಹಾಗಾಗಿ ನಾನೂ ಐದೇ ಬನ್ ಮಾಡಿದೆ. ಬ್ರೆಡ್ಡಿಗೆ ಬಳಸುವ ಮೈದಾ 250 ಗ್ರಾಂ, ಉಗುರು ಬೆಚ್ಚಗಿನ ಹಾಲು 150 ಮಿಲಿ, ಬೆಣ್ಣೆ 25 ಗ್ರಾಂ, ಸಕ್ಕರೆ 35 ಗ್ರಾಂ, ಅರ್ಧ ಚಮಚ ಉಪ್ಪು, 7 ಗ್ರಾಂ ಯೀಸ್ಟ್ ಪ್ಯಾಕೆಟ್ಟಿನಲ್ಲಿ ಅರ್ಧ, ಚಿಟಿಕೆ ದಾಲ್ಚಿನ್ನಿ ಪುಡಿ. ಕರಂಟ್ಸ್ ಅಂದರೆ ನಮ್ಮ ಒಣದ್ರಾಕ್ಷಿಗಿಂತ ಸಣ್ಣಗೆ, ಕಪ್ಪಗೆ ಇರುತ್ತವಲ್ಲ, ಅವು 75 ಗ್ರಾಂ. ಹತ್ತು ನಿಮಿಷ ಚೆನ್ನಾಗಿ ನಾದಿ, ಕೊನೆಗೆ ಕರಂಟ್ಸ್ ಸೇರಿಸಿ ಮುಚ್ಚಿಟ್ಟೆ.

ಒಂದೂವರೆ ಗಂಟೆ ಬಿಟ್ಟು ಬಟ್ಟೆ ಎತ್ತಿ ನೋಡಿದರೆ ಹಿಟ್ಟು ಇಟ್ಟ ಹಾಗೇ ಕೂತಿದೆ. ಬೆರಳಲ್ಲಿ ಒತ್ತಿದರೆ ಗಟ್ಟಿ ಮುದ್ದೆ. ಏಪ್ರಿಲ್ ಆದರೇನು, ಅಡುಗೆಮನೆ 16 ಡಿಗ್ರಿ. ಯೀಸ್ಟ್ ಹಳೆಯದೇನೋ ಅಂತ ಎಸೆಯಲು ಹೊರಟಿದ್ದೆ. ಸಾಗರದಿಂದ ಬಂದಿದ್ದ ಅತ್ತೆ, "ದೋಸೆ ಹಿಟ್ಟು ಎಲ್ಲಿಡ್ತೀಯೆ ನೀನು?" ಅಂದರು. ಅಲ್ವಾ! ದೋಸೆ ಹಿಟ್ಟನ್ನು ಓವನ್ ಒಳಗಿಟ್ಟು, ಬಿಸಿ ಹಾಕದೆ, ಲೈಟ್ ಮಾತ್ರ ಉರಿಸಿ ಬಿಡುತ್ತೇನೆ. ಬನ್ ಹಿಟ್ಟಿಗೂ ಅದೇ ಮಾಡಿದೆ. ಒಂದು ಗಂಟೆಗೆ ಪಾತ್ರೆ ತುಂಬಿತ್ತು. 105 ಗ್ರಾಂನಂತೆ ಐದು ಉಂಡೆ ಕಟ್ಟಿ, ಮತ್ತೆ ಮುಕ್ಕಾಲು ಗಂಟೆ ಉಬ್ಬಲು ಬಿಟ್ಟು, 200 ಡಿಗ್ರಿಯಲ್ಲಿ 15 ನಿಮಿಷ ಬೇಯಿಸಿದೆ. ಬಿಸಿ ಇರುವಾಗಲೇ ಮೇಲೆ ಸಕ್ಕರೆ ನೀರು ಸವರಿದರೆ ಹೊಳಪು ಬರುತ್ತದೆ.

ಕಥೆಯಲ್ಲಿ ಬ್ಲ್ಯಾಕ್‌ಬೆರಿ ಹಣ್ಣೂ ಇದೆ. ಆದರೆ ಇಲ್ಲಿ ಬೇಲಿ ಸಾಲಿನಲ್ಲಿ ಅದು ಹಣ್ಣಾಗುವುದು ಆಗಸ್ಟ್ ಹೊತ್ತಿಗೆ. ಬಿಟ್ಟೆ. ಪೀಟರ್ ಮೆಕ್‌ಗ್ರೆಗರ್ ಎಂಬುವನ ತೋಟಕ್ಕೆ ನುಗ್ಗಿ ಕದ್ದು ತಿಂದ ಮೂಲಂಗಿ, ಲೆಟಿಸ್ ಇಟ್ಟೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮೊಟ್ಟೆಯ ಕೆಲಸ. ಇಂಗ್ಲೆಂಡಿನ ಈ ವಾಯವ್ಯ ಭಾಗದಲ್ಲಿ, ಅಂದರೆ ಲ್ಯಾಂಕಶೈರ್, ಕಂಬ್ರಿಯಾ ಕಡೆ, ಈಸ್ಟರ್‌ಗೆ ಈರುಳ್ಳಿ ಸಿಪ್ಪೆ ಸುತ್ತಿ ಮೊಟ್ಟೆಗೆ ಬಣ್ಣ ಬರಿಸುವುದು ಹಳೇ ಪದ್ಧತಿ. ಪೇಸ್ ಎಗ್ ಅನ್ನುತ್ತಾರೆ. ಪಾಟರ್ ಲಂಡನ್ನಿನವರಾದರೂ 1905ರಲ್ಲಿ ಇದೇ ಕಡೆಯ ನಿಯರ್ ಸಾರಿ ಅನ್ನುವ ಹಳ್ಳಿಯಲ್ಲಿ ಹಿಲ್ ಟಾಪ್ ತೋಟ ಕೊಂಡರು. 1908ರಲ್ಲಿ ಬಂದ ಜೆಮೈಮಾ ಎಂಬ ಬಾತುಕೋಳಿಯ ಕಥೆ ಆ ತೋಟದ್ದೇ. ಅದರಲ್ಲಿ ನರಿ ಆಮ್ಲೆಟ್ ಮಾಡೋಣ ಅಂತ ಪುಸಲಾಯಿಸಿ ಆ ಬಾತುಕೋಳಿಯ ಕೈಯಲ್ಲೇ ಸೇಜ್, ಥೈಮ್, ಪುದೀನ, ಎರಡು ಈರುಳ್ಳಿ, ಪಾರ್ಸ್ಲಿ ತರಿಸುತ್ತದೆ. ಪಾಪ, ಅದೆಲ್ಲ ತನ್ನನ್ನೇ ಬೇಯಿಸುವಾಗ ತನ್ನ ಹೊಟ್ಟೆಗೆ ತುಂಬುವ ಮಸಾಲೆ ಅಂತ ಬಾತುಕೋಳಿಗೆ ಗೊತ್ತೇ ಇಲ್ಲ!

ನರಿಯ ಪಟ್ಟಿಯನ್ನೇ ಹಿಡಿದು ಸೊಪ್ಪು ತಂದೆ. ಹಸಿ ಮೊಟ್ಟೆಯನ್ನು ಒದ್ದೆ ಮಾಡಿ, ಒಂದೊಂದು ಎಲೆ ಒತ್ತಿ, ಮೇಲೆ ಈರುಳ್ಳಿ ಸಿಪ್ಪೆ ಸುತ್ತಿ, ಹಳೇ ಸ್ಟಾಕಿಂಗ್ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ 12 ನಿಮಿಷ ಕುದಿಸುವುದು. ಸಿಪ್ಪೆಯನ್ನು ಎರಡು ವಾರದಿಂದ ಕೂಡಿಟ್ಟಿದ್ದೆ. ಅತ್ತೆ ಮೊಟ್ಟೆ ಮುಟ್ಟುವವರಲ್ಲ, ಅದಕ್ಕೆ ಬೇರೆ ಪಾತ್ರೆಯೇ ಬೇಕಾಯಿತು. ಆದರೆ ಗಂಟು ಬಿಚ್ಚುವಾಗ ಎಲ್ಲರಿಗಿಂತ ಮುಂದೆ ಬಗ್ಗಿ ನಿಂತವರು ಅವರೇ. ಕೆಂಗಂದು ಬಣ್ಣದ ಮೇಲೆ ಪಾರ್ಸ್ಲಿ ಎಲೆಯ ನರ ನರವೂ ತಿಳಿಯಾಗಿ ಮೂಡಿತ್ತು. ಸೇಜ್ ಎಲೆ ದಪ್ಪ, ಅಂಚಲ್ಲಿ ಎದ್ದು ಬಣ್ಣ ಒಳಗೆ ನುಗ್ಗಿತು. ಥೈಮ್ ಅಂತೂ ದಂಡ. ಕೊತ್ತಂಬರಿ ಸೊಪ್ಪು ಪಟ್ಟಿಯಲ್ಲಿಲ್ಲ, ಆದರೂ ಸುಮ್ನೆ ಒಂದಕ್ಕೆ ಹಾಕಿದ್ದೆ. ಎಲ್ಲಕ್ಕಿಂತ ಚಂದ ಬಂದಿದ್ದು ಅದೇ.

ಅತ್ತೆ ಮೊಮ್ಮಗಳನ್ನು ಕೂರಿಸಿಕೊಂಡು ನೀಲಿ ಬ್ಲೌಸ್ ಪೀಸಿನಲ್ಲಿ ಪುಟ್ಟ ಕೋಟು ಹೊಲಿದರು. ಪೀಟರ್ ಕಳೆದುಕೊಂಡ ಕೋಟನ್ನು ಮೆಕ್‌ಗ್ರೆಗರ್ ತೋಟದಲ್ಲಿ ಬೆರ್ಚಪ್ಪನಿಗೆ ತೊಡಿಸುತ್ತಾನಲ್ಲ, ಅದು. ಎರಡು ಕಡ್ಡಿಗೆ ಸಿಕ್ಕಿಸಿ ಕಿಟಕಿಯ ಕುಂಡದಲ್ಲಿ ನೆಟ್ಟೆವು.

ಕೊನೆಗೆ ಟೀ, ಪೀಟರ್ ಕಥೆಯಲ್ಲಿ ಬರುವ ಕ್ಯಾಮೊಮೈಲ್ ಟೀ. ಕ್ಯಾಮೊಮೈಲ್ ನಮ್ಮ ಸೇವಂತಿಗೆಯ ಬಳಗದ ಹೂವು. ಆ ಜಾತಿಯ ಹೂವು ಕೆಲವರಿಗೆ ಅಲರ್ಜಿ, ಹಾಗಾಗಿ ಮಕ್ಕಳ ಅಮ್ಮಂದಿರನ್ನು ಮೊದಲೇ ಕೇಳಿಕೊಂಡೆ. ಒಂದು ಲೋಟ ಕುದಿನೀರಿಗೆ ಒಂದು ಚಮಚ ಒಣ ಹೂವು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಆಯಿತು. ಅತ್ತೆ ಒಂದು ಗುಟುಕು ಕುಡಿದು, "ಇದು ಕಷಾಯ ಕಣೇ, ಇದನ್ನ ಟೀ ಅಂತ ಯಾಕೆ ಕರೀತಾರೆ?" ಅಂದರು. ಮಾತು ಸರಿ. ಪೀಟರ್‌ನ ಕಥೆ ಮೊದಲು ಹುಟ್ಟಿದ್ದು 1893ರಲ್ಲಿ, ಕಾಯಿಲೆ ಬಿದ್ದ ಹುಡುಗನೊಬ್ಬನಿಗೆ ಪಾಟರ್ ಬರೆದ ಪತ್ರದಲ್ಲಿ. ತಿಂದು ತಿಂದು ಹೊಟ್ಟೆ ಕೆಟ್ಟ ಪೀಟರ್‌ಗೆ ಅಮ್ಮ ಕೊಡುವುದು ಮಲಗುವಾಗ ಒಂದು ದೊಡ್ಡ ಚಮಚ. ಔಷಧಿಯ ಲೆಕ್ಕವೇ. ಕಪ್ಪು ತುಂಬ ಕೊಟ್ಟಿದ್ದರೆ ಮಕ್ಕಳು ಉಗಿಯುತ್ತಿದ್ದವು. ಚಮಚದಲ್ಲಿ ಕೊಟ್ಟಿದ್ದಕ್ಕೆ ಸಾಲಾಗಿ ನಿಂತು, ಮುಖ ಕಿವುಚಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತವು.

ಬಂದಿದ್ದ ಮೂವರು, ನಮ್ಮವಳು ಸೇರಿ ನಾಲ್ಕು ಬನ್ ಖಾಲಿ. ಐದನೆಯದು ಊಟವಿಲ್ಲದೆ ಮಲಗಿದ ಪೀಟರ್‌ಗೆ ಅಂತ ಮಕ್ಕಳೇ ತೀರ್ಮಾನ ಮಾಡಿ, ತಟ್ಟೆ ಮುಚ್ಚಿ ಬೆರ್ಚಪ್ಪನ ಪಕ್ಕ ಇಟ್ಟರು. ರಾತ್ರಿ ಕೆಲಸದಿಂದ ಬಂದ ಯಜಮಾನರು, "ನನಗೆ ಅಂತ ಎತ್ತಿಟ್ಟಿದ್ದೀರಿ ಅಂದ್ಕೊಂಡೆ" ಅನ್ನುವಷ್ಟರಲ್ಲಿ ತಟ್ಟೆಯಲ್ಲಿ ಎರಡು ಕರಂಟ್ಸ್ ಉಳಿದಿದ್ದವು. ಮಗಳು ಅವರಿಗೆ ಒಂದು ದೊಡ್ಡ ಚಮಚ ಕಷಾಯ ಕುಡಿಸಿಯೇ ಮಲಗಲು ಬಿಟ್ಟಳು.